ಮನೆಯಲ್ಲೇ ಕಟ್ಟುವ ಲೈಟ್ ಸ್ಪೋರ್ಟ್ ವಿಮಾನಕ್ಕೆ ಎಂಜಿನ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಗ್ಯಾರೇಜಿನಲ್ಲೋ ಬಾಡಿಗೆ ಹ್ಯಾಂಗರಿನಲ್ಲೋ ಎರಡು ಸೀಟಿನ ಕಿಟ್ ವಿಮಾನ (ಕಂಪನಿ ಕಳಿಸಿದ ಭಾಗಗಳನ್ನು ನಾವೇ ಜೋಡಿಸುವ ವಿಮಾನ) ಕಟ್ಟುತ್ತಿರುವ ಕನ್ನಡಿಗರು, ಮುಂದೆ ಕಟ್ಟಬೇಕು ಅಂತ ಆಸೆ ಇಟ್ಟುಕೊಂಡವರು ಕೇಳುವ ಪ್ರಶ್ನೆಗಳಿವು. ನಿಯಮದ ಮಾತು ಬಂದ ಕಡೆಯೆಲ್ಲ ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮ ಅಂತ ತಿಳಿಯಿರಿ. ಭಾರತದ ವಿಷಯಕ್ಕೆ ಕೆಳಗೆ ಬೇರೆಯೇ ಪ್ರಶ್ನೆ ಇದೆ.

ಸುತ್ತುಬಳಸು ಬೇಡ. ಯಾವ ಎಂಜಿನ್ ಹಾಕಲಿ?

ನಿಮ್ಮ ವಿಮಾನವನ್ನು ರೂಪಿಸಿದವರು ಯಾವ ಎಂಜಿನ್‌ಗೆ ಅಂತ ರೂಪಿಸಿದರೋ ಅದನ್ನೇ ಹಾಕಿ. ಅವರು ಎರಡು ಮೂರು ಎಂಜಿನ್‌ಗೆ ಒಪ್ಪಿಗೆ ಕೊಟ್ಟಿದ್ದರೆ, ಅವುಗಳಲ್ಲಿ ಯಾವುದನ್ನು ಹಾಕಿಕೊಂಡು ಜಾಸ್ತಿ ಜನ ವರ್ಷಗಟ್ಟಲೆ ಹಾರುತ್ತಿದ್ದಾರೋ ಅದನ್ನು ಆರಿಸಿ. ವ್ಯಾನ್ಸ್ ಕಂಪನಿಯ ಆರ್‌ವಿ-12 ಕಟ್ಟುವವರಿಗೆ ಈ ತಲೆನೋವೇ ಇಲ್ಲ. ಆ ವಿಮಾನ ಶುರುವಿನಿಂದಲೂ ರೊಟ್ಯಾಕ್ಸ್ 912ರ ಸುತ್ತಲೇ ಬೆಳೆದದ್ದು. ಝೆನಿತ್ ಸಿಎಚ್ 750 ಕಟ್ಟುವವರ ಮುಂದೆ ಮಾತ್ರ ದೊಡ್ಡ ಪಟ್ಟಿಯೇ ಇದೆ: ರೊಟ್ಯಾಕ್ಸ್, ಜಬಿರು, ಕಾಂಟಿನೆಂಟಲ್, ಯುಎಲ್ ಪವರ್, ಕಾರ್ವೇರ್, ಹೋಂಡಾ ಕಾರಿನ ಎಂಜಿನ್‌ನಿಂದ ಮಾಡಿದ ವೈಕಿಂಗ್. ಈ ಪುಟದ ಮುಕ್ಕಾಲು ಭಾಗ ಅಂಥವರಿಗೇ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಕಟ್ಟಿದ ವಿಮಾನಗಳಲ್ಲಿ ಕೈಕೊಡುವುದು ಬಹಳ ಸಲ ಎಂಜಿನ್‌ನ ಹೊಟ್ಟೆಯೊಳಗಿನ ಭಾಗ ಅಲ್ಲ. ಅದರ ಸುತ್ತ ನಾವು ಜೋಡಿಸಿದ್ದು: ಪೆಟ್ರೋಲ್ ಪೈಪು, ಗಾಳಿ ದಾರಿ, ವೈರು, ಕ್ಲಾಂಪು. ಮುಂಚೆ ನೂರು ಜನ ಜೋಡಿಸಿ, ತಪ್ಪು ಕಂಡು, ತಿದ್ದಿಕೊಂಡ ಜೋಡಣೆ ನಿಮಗೆ ಸಿಕ್ಕರೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

ಲೈಟ್ ಸ್ಪೋರ್ಟ್ ನಿಯಮ ಎಂಜಿನ್ ಬಗ್ಗೆ ಏನು ಹೇಳುತ್ತದೆ?

2004ರಲ್ಲಿ ಬಂದ ನಿಯಮದ ಪ್ರಕಾರ ವಿಮಾನದ ಒಟ್ಟು ತೂಕ 600 ಕೆಜಿ ಮೀರಬಾರದಿತ್ತು (ನೀರಿನ ಮೇಲೆ ಇಳಿಯುವುದಾದರೆ 650). ಸೀಟು ಎರಡೇ. ಮಟ್ಟಸ ಹಾರಾಟದಲ್ಲಿ ಗರಿಷ್ಠ ವೇಗ 120 ನಾಟ್, ಸ್ಟಾಲ್ ವೇಗ (ಅದಕ್ಕಿಂತ ನಿಧಾನ ಆದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯದ ವೇಗ) 45 ನಾಟ್ ಒಳಗೆ. ಪಿಸ್ಟನ್ ಎಂಜಿನ್ ಒಂದೇ ಇರಬೇಕಿತ್ತು. ಪ್ರೊಪೆಲ್ಲರ್ ಕೋನವನ್ನು ಹಾರುವಾಗ ಬದಲಿಸುವ ಹಾಗಿರಲಿಲ್ಲ.

2025ರ ಜುಲೈನಲ್ಲಿ ಎಫ್‌ಎಎ ಮೊಸೈಕ್ ಅನ್ನುವ ಹೊಸ ನಿಯಮ ಪ್ರಕಟಿಸಿತು. ಅದರಂತೆ ಸ್ಪೋರ್ಟ್ ಪೈಲಟ್ ಲೈಸೆನ್ಸ್ ಇರುವವರು ಯಾವ ವಿಮಾನ ಹಾರಿಸಬಹುದು ಅನ್ನುವುದನ್ನು 2025ರ ಅಕ್ಟೋಬರ್‌ನಿಂದ ತೂಕ ನೋಡಿ ಅಲ್ಲ, ಮುಖ್ಯವಾಗಿ ಸ್ಟಾಲ್ ವೇಗ ನೋಡಿ ನಿರ್ಧರಿಸುತ್ತಾರೆ. ಅಂದರೆ ಭಾರದ ಎಂಜಿನ್‌ಗೂ ಬಾಗಿಲು ತೆರೆದಿದೆ. ಆದರೆ ಕಿಟ್‌ನ ತೂಕದ ಮಿತಿ ಹಾಕಿದ್ದು ಬರೀ ಸರ್ಕಾರ ಅಲ್ಲ, ಅದರ ರೆಕ್ಕೆಯ ಸ್ಪಾರ್ (ಒಳಗಿನ ಮುಖ್ಯ ತೊಲೆ) ಮತ್ತು ಚಕ್ರದ ಕಾಲುಗಳೂ ಹೌದು. ನಿಯಮ ಸಡಿಲ ಆಯಿತು ಅಂತ ಸ್ಪಾರ್ ಗಟ್ಟಿ ಆಗುವುದಿಲ್ಲ.

ಎಕ್ಸ್‌ಪೆರಿಮೆಂಟಲ್ ಅಮೆಚೂರ್-ಬಿಲ್ಟ್ (ಹವ್ಯಾಸಿ ಕಟ್ಟಿದ್ದು) ಅಂತ ನೋಂದಾಯಿಸಿದರೆ ಸರ್ಟಿಫೈ ಆದ (ಎಫ್‌ಎಎ ಪರೀಕ್ಷಿಸಿ ಒಪ್ಪಿದ) ಎಂಜಿನ್ ಕಡ್ಡಾಯ ಇಲ್ಲ. ಕಾರಿನ ಎಂಜಿನ್ ಕೂಡ ಹಾಕಬಹುದು. ವ್ಯತ್ಯಾಸ ಬರುವುದು ಪರೀಕ್ಷಾ ಹಾರಾಟದಲ್ಲಿ. ಸರ್ಟಿಫೈ ಆದ ಎಂಜಿನ್-ಪ್ರೊಪೆಲ್ಲರ್ ಜೋಡಿ ಇದ್ದರೆ ರೂಢಿಯಂತೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ. ಬರೀ ಆ 15 ಗಂಟೆ ಉಳಿಸಲು ಎಂಜಿನ್ ಬದಲಿಸಬೇಡಿ. ಆ ಗಂಟೆಗಳಲ್ಲಿ ಕಲಿಯುವುದು ತುಂಬಾ ಇರುತ್ತದೆ.

ಎಷ್ಟು ಎಚ್‌ಪಿ ಬೇಕು?

ಎರಡು ಸೀಟಿನ 600 ಕೆಜಿ ವಿಮಾನಕ್ಕೆ 80ರಿಂದ 120 ಎಚ್‌ಪಿ ಒಳಗೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಎಚ್‌ಪಿ ಜಾಸ್ತಿ ಆದರೆ ವೇಗ ಜಾಸ್ತಿ ಆಗುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸಿಎಚ್ 750 ತರಹದ ದಪ್ಪ ರೆಕ್ಕೆಯ ವಿಮಾನಕ್ಕೆ 20 ಎಚ್‌ಪಿ ಸೇರಿಸಿದರೂ ವೇಗ ಕೆಲವೇ ನಾಟ್ ಏರುತ್ತದೆ. ಹೆಚ್ಚಿನ ಶಕ್ತಿ ಕಾಣುವುದು ಟೇಕಾಫ್‌ನಲ್ಲಿ ಮತ್ತು ಮೇಲಕ್ಕೆ ಏರುವಾಗ.

ಇನ್ನೊಂದು ಮುಖ್ಯ ಮಾತು ನೀವು ಹಾರುವ ಊರಿನ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿಗೆ ಅಂದಾಜು 3% ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಜಕ್ಕೂರನ್ನೇ ತಗೊಳ್ಳಿ. ಸಮುದ್ರ ಮಟ್ಟದಿಂದ ಸುಮಾರು 3000 ಅಡಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದಾಗ ಗಾಳಿ ತೆಳುವಾಗಿ, ವಿಮಾನಕ್ಕೆ ಅದು 6000 ಅಡಿ ಎತ್ತರದ ಹಾಗೆ ಅನಿಸುತ್ತದೆ. ನಿಮ್ಮ 100 ಎಚ್‌ಪಿ ಅಲ್ಲಿ 82ರ ಆಸುಪಾಸು. ರೆಕ್ಕೆಯ ಎತ್ತುವ ಶಕ್ತಿ, ಪ್ರೊಪೆಲ್ಲರ್ ಹಿಡಿತ ಎರಡೂ ಅದರ ಜೊತೆಗೇ ಇಳಿಯುತ್ತವೆ. ಕೊಲರಾಡೊದ ಡೆನ್ವರ್ ಕಡೆ ಇರುವವರಿಗೆ ನೆಲವೇ 5000 ಅಡಿಗೂ ಮೇಲೆ. ಫ್ಲಾರಿಡಾದ ಗೆಳೆಯ 80 ಎಚ್‌ಪಿ ಸಾಕು ಅಂದ ಅಂತ ನೀವೂ ಅದನ್ನೇ ಹಾಕಿದರೆ ಬೇಸಿಗೆಯಲ್ಲಿ ಒಬ್ಬರೇ ಹಾರಬೇಕಾಗುತ್ತದೆ.

ಎಂಜಿನ್ 20 ಕೆಜಿ ಜಾಸ್ತಿ ಇದ್ದರೆ ಏನಾಯಿತು?

ಪೇಪರ್ ತಗೊಂಡು ಲೆಕ್ಕ ಹಾಕೋಣ. ಒಟ್ಟು ಮಿತಿ 600 ಕೆಜಿ. ರೊಟ್ಯಾಕ್ಸ್ ಕೂರಿಸಿದ ಖಾಲಿ ವಿಮಾನ 350 ಕೆಜಿ ಅಂತಿಟ್ಟುಕೊಳ್ಳಿ. ಉಳಿದದ್ದು 250. ತಲಾ 85 ಕೆಜಿಯ ಇಬ್ಬರು ಕೂತರೆ ಉಳಿಯುವುದು 80. ಟ್ಯಾಂಕಿಗೆ 75 ಲೀಟರ್ ಪೆಟ್ರೋಲ್ ತುಂಬಿಸಿದರೆ ಅದರ ತೂಕ 54 ಕೆಜಿ. ಕೊನೆಗೆ 26 ಕೆಜಿ ಸಾಮಾನು ಹಾಕಬಹುದು. ಇದೇ ವಿಮಾನಕ್ಕೆ 22 ಕೆಜಿ ಭಾರದ ಎಂಜಿನ್ ಹಾಕಿದರೆ ಉಳಿಯುವುದು 4 ಕೆಜಿ. ಟೈ-ಡೌನ್ ಹಗ್ಗ, ಒಂದು ಕ್ವಾರ್ಟ್ ಆಯಿಲ್, ನೀರಿನ ಬಾಟಲಿ ಇಟ್ಟರೆ ಮುಗಿಯಿತು.

ಇದು ಒಟ್ಟು ತೂಕದ ಮಾತು. ಅದಕ್ಕಿಂತ ತೊಂದರೆಯದ್ದು ಮೂಗಿನ ಭಾರ. ಎಂಜಿನ್ ತುದಿಯಲ್ಲಿ ಇರುವುದರಿಂದ ಸ್ವಲ್ಪ ತೂಕವೂ ಗುರುತ್ವ ಕೇಂದ್ರವನ್ನು ಜಾಸ್ತಿ ಎಳೆಯುತ್ತದೆ. ಇಳಿಯುವಾಗ ಸ್ಟಿಕ್ ಪೂರ್ತಿ ಹಿಂದೆಳೆದರೂ ಮೂಗು ಏಳದ ವಿಮಾನ ಅಪಾಯ. ಬ್ಯಾಟರಿಯನ್ನು ಬಾಲದ ಕಡೆಗೆ ಸರಿಸಿ ಸರಿದೂಗಿಸುವವರಿದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಉದ್ದದ ದಪ್ಪ ಕೇಬಲ್‌ಗೆ ಮತ್ತೆ ತೂಕ.

ಎಂಜಿನ್ ಕಂಪನಿಗಳ ಬ್ರೋಷರಿನಲ್ಲಿರುವ ತೂಕ ನಂಬಿ ಲೆಕ್ಕ ಮಾಡಬೇಡಿ. ರೊಟ್ಯಾಕ್ಸ್ 912ರ 100 ಎಚ್‌ಪಿ ಮಾದರಿ ಯುಎಲ್‌ಎಸ್‌ಗೆ 57 ಕೆಜಿ ಅಂತ ಕಂಡರೆ ಅದು ಸೈಲೆನ್ಸರ್, ರೇಡಿಯೇಟರ್, ಆಯಿಲ್ ಕೂಲರ್, ಕೂಲಂಟ್ ಯಾವುದೂ ಇಲ್ಲದ ತೂಕ. ಎಲ್ಲ ಸೇರಿ 75ರಿಂದ 80 ಕೆಜಿ ಆಗುತ್ತದೆ. ಅದೇ ಮಾದರಿ ಕಟ್ಟಿದವರಿಗೆ ಫೋನ್ ಮಾಡಿ ತಕ್ಕಡಿಯ ಮೇಲಿಟ್ಟಾಗ ಬಂದ ತೂಕ ಕೇಳಿ.

ಎಲ್ಲರೂ ರೊಟ್ಯಾಕ್ಸ್ 912 ಅಂತಾರಲ್ಲ, ಅದರಲ್ಲಿ ಅಂಥದ್ದೇನಿದೆ?

ಆಸ್ಟ್ರಿಯಾದ ಗುನ್ಸ್‌ಕಿರ್ಶನ್ ಊರಿನ ಎಂಜಿನ್ ಇದು. ಎದುರುಬದುರು ನಾಲ್ಕು ಸಿಲಿಂಡರ್. ಸಿಲಿಂಡರಿಗೆ ಗಾಳಿಯ ತಂಪು, ಹೆಡ್‌ಗೆ ಕೂಲಂಟ್‌ನ ತಂಪು. 1211 ಸಿಸಿಯದು 80 ಎಚ್‌ಪಿ, 1352 ಸಿಸಿಯ ಯುಎಲ್‌ಎಸ್ 100 ಎಚ್‌ಪಿ. ಓವರ್‌ಹಾಲ್ (ಪೂರ್ತಿ ಬಿಚ್ಚಿ, ಸವೆದದ್ದು ಬದಲಿಸಿ ಜೋಡಿಸುವ) ಅವಧಿ 2000 ಗಂಟೆ ಅಥವಾ 15 ವರ್ಷ, ಯಾವುದು ಮೊದಲೋ ಅದು. ಕ್ರೂಸ್‌ನಲ್ಲಿ ಗಂಟೆಗೆ 18–20 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಇಷ್ಟು ಹಗುರಾಗಿ, ಇಷ್ಟು ಕಾಲ ಬಾಳುವ ಬೇರೆ 100 ಎಚ್‌ಪಿ ಎಂಜಿನ್ ಇಷ್ಟು ಸಂಖ್ಯೆಯಲ್ಲಿ ಹಾರುತ್ತಿಲ್ಲ. ನನ್ನ ಮನಸ್ಸೂ ಇದರ ಕಡೆಗೇ, ಮುಚ್ಚಿಡುವುದೇನಿಲ್ಲ.

ಆದರೆ ಇದಕ್ಕೆ ಅದರದ್ದೇ ಶಿಸ್ತು ಬೇಕು. ಎರಡು ಬಿಂಗ್ ಕಾರ್ಬ್ಯುರೇಟರ್ ಇವೆ. ಎರಡೂ ಸಮ ಎಳೆಯುವ ಹಾಗೆ ಗೇಜ್ ಹಾಕಿ ಹೊಂದಿಸಬೇಕು. ಹೊಂದದಿದ್ದರೆ ಐಡಲ್‌ನಲ್ಲಿ ಇಡೀ ವಿಮಾನ ನಡುಗುತ್ತದೆ, ಗೇರ್‌ಬಾಕ್ಸ್ ಸವೆಯುತ್ತದೆ. ರಬ್ಬರ್ ಹೋಸ್‌ಗಳನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಿಸಬೇಕು. ಗೇರ್‌ಬಾಕ್ಸ್‌ಗೂ ಎಂಜಿನ್‌ಗೂ ಒಂದೇ ಆಯಿಲ್, ಹಾಗಾಗಿ ಸಾಮಾನ್ಯ ವಿಮಾನದ ಆಯಿಲ್ ನಡೆಯುವುದಿಲ್ಲ.

ಆಯಿಲ್ ನೋಡುವ ರೀತಿಯೂ ಬೇರೆ. ಆಯಿಲ್ ಇರುವುದು ಎಂಜಿನ್ ಕೆಳಗಲ್ಲ, ಪಕ್ಕದ ಟ್ಯಾಂಕಿನಲ್ಲಿ. ರಾತ್ರಿ ನಿಂತಾಗ ಸ್ವಲ್ಪ ಎಂಜಿನ್ ಒಳಗೇ ಉಳಿದಿರುತ್ತದೆ. ಬೆಳಿಗ್ಗೆ ಎರಡೂ ಇಗ್ನಿಶನ್ ಸ್ವಿಚ್ ಆಫ್ ಇವೆಯಾ ಅಂತ ನೋಡಿ, ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಬೇಕು. ಪ್ರತಿ ಕಂಪ್ರೆಶನ್‌ನಲ್ಲೂ ಒಂದೆರಡು ಕ್ಷಣ ತಡೆದು ಹಿಡಿಯಿರಿ. ಹೀಗೆ ತಿರುಗಿಸುತ್ತಾ ಹೋದರೆ ಟ್ಯಾಂಕಿನಿಂದ ಗುಳುಗುಳು ಅಂತ ಸದ್ದು ಬರುತ್ತದೆ. ಆಮೇಲೆ ಡಿಪ್‌ಸ್ಟಿಕ್ ನೋಡಿ. ಉಲ್ಟಾ ತಿರುಗಿಸಬೇಡಿ, ಆಯಿಲ್ ಲೈನಿಗೆ ಗಾಳಿ ಸೇರುತ್ತದೆ.

912 ಐಎಸ್ 2012ರಲ್ಲಿ ಬಂತು. ಕಾರ್ಬ್ಯುರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್. ಪೆಟ್ರೋಲ್ ಕಡಿಮೆ ಸಾಕು, ಕಾರ್ಬ್ಯುರೇಟರಿನಲ್ಲಿ ಮಂಜುಗಟ್ಟುವ ಭಯ ಇಲ್ಲ. ಬೆಲೆ, ತೂಕ, ವೈರಿಂಗ್ ಮೂರೂ ಜಾಸ್ತಿ. 914, 915, 916 ಟರ್ಬೊ ಎಂಜಿನ್‌ಗಳು. ಎತ್ತರದ ಊರಿನವರಿಗೆ ಚೆನ್ನ, ಆದರೆ ನಿಮ್ಮ ಕಿಟ್ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರೆ ಮಾತ್ರ.

5500 ಆರ್‌ಪಿಎಂನಲ್ಲಿ ಓಡುವ ಎಂಜಿನ್ ಬೇಗ ಸವೆಯಲ್ವಾ?

ರೊಟ್ಯಾಕ್ಸ್ 912ರ ವಿಷಯದಲ್ಲಿ ಬಹಳ ಜನರನ್ನು ಹೆದರಿಸುವ ಸಂಖ್ಯೆ ಇದು. ಸವೆತ ನೋಡಬೇಕಾದ್ದು ಆರ್‌ಪಿಎಂ ಅಲ್ಲ, ಪಿಸ್ಟನ್ ಎಷ್ಟು ವೇಗವಾಗಿ ಓಡಾಡುತ್ತದೆ ಅನ್ನುವುದು. ಯುಎಲ್‌ಎಸ್‌ನ ಸ್ಟ್ರೋಕ್ ಬರೀ 61 ಮಿಮೀ. 5500ರಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಕಾಂಟಿನೆಂಟಲ್ ಓ-200ರ ಸ್ಟ್ರೋಕ್ 98 ಮಿಮೀ. ಅದು 2750ರಲ್ಲೇ 9 ಮೀಟರ್ ತಲುಪುತ್ತದೆ. ಕೇಳುವುದಕ್ಕೆ ಎರಡು ಪಟ್ಟು, ನಿಜದಲ್ಲಿ ಅಂತರ ಅಷ್ಟಿಲ್ಲ.

ಪ್ರೊಪೆಲ್ಲರ್ ಅಷ್ಟು ವೇಗ ತಿರುಗುವುದೂ ಇಲ್ಲ. ನಡುವೆ 2.43ರ ಗೇರ್ ಇದೆ. ಎಂಜಿನ್ 5500 ಇದ್ದಾಗ ಪ್ರೊಪೆಲ್ಲರ್ 2260ರ ಹತ್ತಿರ. ನಿಧಾನ ತಿರುಗುವ ಉದ್ದ ಪ್ರೊಪೆಲ್ಲರ್, ನಿಧಾನ ಹಾರುವ ವಿಮಾನವನ್ನು ಚೆನ್ನಾಗಿ ಎಳೆಯುತ್ತದೆ. ಜಬಿರು ತರಹದ ಗೇರ್ ಇಲ್ಲದ ಎಂಜಿನ್‌ಗೆ 3000 ಮೇಲೆ ತಿರುಗಿದರೆ ಮಾತ್ರ ಪೂರ್ತಿ ಶಕ್ತಿ. ಆಗ ತುದಿ ಶಬ್ದದ ವೇಗದ ಹತ್ತಿರ ಹೋಗದಂತೆ ಪ್ರೊಪೆಲ್ಲರ್ ಗಿಡ್ಡ ಮಾಡಬೇಕು. ಸೊನೆಕ್ಸ್ ತರಹ ನುಣುಪಾದ, ವೇಗದ ವಿಮಾನಕ್ಕೆ ಗಿಡ್ಡ ಪ್ರೊಪೆಲ್ಲರ್ ತೊಂದರೆ ಇಲ್ಲ. ಗದ್ದೆ ಬದಿಯಲ್ಲಿ ಇಳಿದು ಏರಬೇಕಾದ ವಿಮಾನಕ್ಕೆ ಅದು ಹೊಂದುವುದಿಲ್ಲ. ಎರಡು ಎಂಜಿನ್‌ಗಳ ಎಚ್‌ಪಿ ಒಂದೇ ಇದ್ದರೂ ಟೇಕಾಫ್ ಓಟ ಬೇರೆ ಬೇರೆ ಆಗುವುದು ಇದಕ್ಕೇ.

ಜಬಿರು ಹೇಗೆ? ಏನೇನೋ ಕೇಳಿದ್ದೇನೆ.

ಆಸ್ಟ್ರೇಲಿಯಾದ ಬಂಡಬರ್ಗ್‌ನದು. ನಾಲ್ಕು ಸಿಲಿಂಡರಿನ 2200, ಸುಮಾರು 80–85 ಎಚ್‌ಪಿ. ಆರು ಸಿಲಿಂಡರಿನ 3300, 120 ಎಚ್‌ಪಿ. ಗೇರ್ ಇಲ್ಲ, ಕೂಲಂಟ್ ಇಲ್ಲ, ತೂಕ ಕಡಿಮೆ. ಆರು ಸಿಲಿಂಡರಿನದು ಎಷ್ಟು ನುಣ್ಣಗೆ ಓಡುತ್ತದೆ ಅಂದರೆ ಹಾರಿಸಿದವರು ಮರೆಯುವುದಿಲ್ಲ.

ನೀವು ಕೇಳಿದ್ದೂ ಸುಳ್ಳಲ್ಲ. ಥ್ರೂ-ಬೋಲ್ಟ್, ಫ್ಲೈವೀಲ್ ಬೋಲ್ಟ್, ವಾಲ್ವ್ ಮುರಿದ ಪ್ರಕರಣಗಳು ಜಾಸ್ತಿ ಆಗಿ, 2014ರ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಮಾನಯಾನ ಸುರಕ್ಷತಾ ಸಂಸ್ಥೆ ಈ ಎಂಜಿನ್ ಇರುವ ವಿಮಾನಗಳ ಮೇಲೆ ನಿರ್ಬಂಧ ಹಾಕಿತು. ಕಂಪನಿ ಭಾಗಗಳನ್ನು ಸುಧಾರಿಸಿತು. 2016ರಲ್ಲಿ ನಿರ್ಬಂಧವನ್ನು ಬಹುಪಾಲು ತೆಗೆದರು. ಕೊಳ್ಳುವುದಾದರೆ ಹೊಸ ತಲೆಮಾರಿನದ್ದು ಕೊಳ್ಳಿ. ಹಳೆಯದಾದರೆ ಯಾವ ಬೋಲ್ಟ್, ಯಾವ ವಾಲ್ವ್ ಬದಲಾಗಿದೆ ಅಂತ ಲಾಗ್‌ಬುಕ್‌ನಲ್ಲಿ ಬರೆದಿರಬೇಕು. ಮತ್ತೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಉಷ್ಣಾಂಶ ತೋರಿಸುವ ಮಾನಿಟರ್ ಹಾಕಿ. ಈ ಎಂಜಿನ್ ತಂಪಿನ ವಿಷಯದಲ್ಲಿ ಸಡಿಲ ಕೆಲಸ ಸಹಿಸುವುದಿಲ್ಲ.

ಹಳೇ ಕಾಲದ ಕಾಂಟಿನೆಂಟಲ್ ಸಾಕಲ್ವಾ? ಸೆಸ್ನಾ 150 ಓಡಿಸಿ ಕಲಿತವನು ನಾನು.

ಸಾಕು, ತೂಕ ತಡೆದುಕೊಳ್ಳುವ ವಿಮಾನ ಆದರೆ. ಓ-200 ಗಟ್ಟಿ ಎಂಜಿನ್. 2750 ಆರ್‌ಪಿಎಂನಲ್ಲಿ 100 ಎಚ್‌ಪಿ, ಎರಡು ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಕಿಡಿ ಕೊಡುವ ಸಾಧನ). ಅಮೆರಿಕದ ಯಾವ ಸಣ್ಣ ಏರ್‌ಪೋರ್ಟಿಗೆ ಹೋದರೂ ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಸಿಗುತ್ತಾರೆ. ಇದು ಸಣ್ಣ ಲಾಭ ಅಲ್ಲ. ಹಗುರ ಮಾಡಿದ ಓ-200-ಡಿಯನ್ನು ಸೆಸ್ನಾ 162 ಸ್ಕೈಕ್ಯಾಚರ್‌ಗೆ ಹಾಕಿದ್ದರು. ಆದರೂ ಎಲ್ಲ ಸೇರಿ ರೊಟ್ಯಾಕ್ಸ್‌ಗಿಂತ 20 ಕೆಜಿ ಮೇಲೆಯೇ. ಮಿಕ್ಸ್ಚರ್ (ಗಾಳಿ-ಪೆಟ್ರೋಲ್ ಬೆರಕೆಯ ಪ್ರಮಾಣ), ಕಾರ್ಬ್ ಹೀಟ್ (ಕಾರ್ಬ್ಯುರೇಟರಿನಲ್ಲಿ ಮಂಜುಗಟ್ಟದಂತೆ ಬಿಸಿ ಗಾಳಿ ಬಿಡುವುದು) ಎರಡನ್ನೂ ನೀವೇ ನೋಡಿಕೊಳ್ಳಬೇಕು.

ಕಾರಿನ ಎಂಜಿನ್ ಹಾಕಿದರೆ ದುಡ್ಡು ಉಳಿಯುತ್ತಲ್ಲ?

ಉಳಿಯುತ್ತದೆ, ನಿಮ್ಮ ಸಮಯಕ್ಕೆ ಬೆಲೆ ಕಟ್ಟದಿದ್ದರೆ. ಇದು ಹೊಸ ಹುಚ್ಚೇನಲ್ಲ. ಮಿನೆಸೋಟಾದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲೇ ಫೋರ್ಡ್ ಮಾಡೆಲ್ ಎ ಎಂಜಿನ್ ಹಾಕಿ ಏರ್ ಕ್ಯಾಂಪರ್ ಹಾರಿಸಿದರು. ಇವತ್ತಿಗೂ ಜನ ಅದನ್ನು ಕಟ್ಟುತ್ತಿದ್ದಾರೆ.

ಫೋಕ್ಸ್‌ವ್ಯಾಗನ್ ಬೀಟಲ್ ಎಂಜಿನ್‌ನಿಂದ ಬಂದ ಏರೋವೀ, ಸೊನೆಕ್ಸ್ ಕಂಪನಿಯದು. 2180 ಸಿಸಿ, 80 ಎಚ್‌ಪಿ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುತ್ತದೆ, ನೀವೇ ಜೋಡಿಸಬೇಕು. ಬೆಲೆ ಹೊಸ ರೊಟ್ಯಾಕ್ಸ್‌ಗಿಂತ ಎಷ್ಟೋ ಕಡಿಮೆ. ಒಂದು ವಿಷಯ ತಿಳಿದಿರಲಿ: ಆ 80 ಟೇಕಾಫ್‌ಗೆ ಮಾತ್ರ. ಗಂಟೆಗಟ್ಟಲೆ ಅಷ್ಟು ಎಳೆದರೆ ಹೆಡ್‌ಗಳು ಬಿಸಿ ತಡೆಯುವುದಿಲ್ಲ. ಒಬ್ಬರೇ ಹಾರುವವರಿಗೆ, ಎಂಜಿನ್ ಬಿಚ್ಚುವುದೇ ಖುಷಿ ಅನ್ನುವವರಿಗೆ ಒಳ್ಳೆಯ ಆಯ್ಕೆ.

ಶೆವ್ರೊಲೆ ಕಾರ್ವೇರ್‌ನ ಆರು ಸಿಲಿಂಡರ್ ಎಂಜಿನ್ 1960ರ ದಶಕದ್ದು. ಅದನ್ನು ವಿಮಾನಕ್ಕೆ ಹೊಂದಿಸುವ ಕ್ರಮವನ್ನು ವಿಲಿಯಂ ವಿನ್ ದಶಕಗಳಿಂದ ಕಲಿಸುತ್ತಿದ್ದಾರೆ. ಈ ಎಂಜಿನ್‌ನ ಕಥೆ ಕಾರು ಎಂಜಿನ್ ಹಾಕುವ ಎಲ್ಲರೂ ಓದಬೇಕಾದ ಪಾಠ. ಕಾರಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಬರೀ ತಿರುಗಿಸುತ್ತದೆ. ವಿಮಾನದಲ್ಲಿ ಅದರ ತುದಿಗೆ ಪ್ರೊಪೆಲ್ಲರ್ ನೇತಾಡುತ್ತದೆ. ಮೂಗು ಎತ್ತಿ ಇಳಿಸಿದಾಗಲೆಲ್ಲ ಅದು ಶಾಫ್ಟನ್ನು ಬಗ್ಗಿಸಲು ನೋಡುತ್ತದೆ. ಕೆಲವು ಕಾರ್ವೇರ್ ಕ್ರ್ಯಾಂಕ್‌ಗಳು ಬಿರುಕುಬಿಟ್ಟವು. ಆಮೇಲೆ ನೈಟ್ರೈಡಿಂಗ್ (ಉಕ್ಕಿನ ಮೇಲ್ಮೈ ಗಟ್ಟಿ ಮಾಡುವ ಕ್ರಮ) ಮಾಡಿಸುವುದು, ಮುಂದೆ ಐದನೇ ಬೇರಿಂಗ್ ಕೂರಿಸುವುದು ರೂಢಿಗೆ ಬಂತು.

ಸುಬಾರು, ಹೋಂಡಾ ಎಂಜಿನ್‌ಗಳಿಗೆ ಗೇರ್ ಅಥವಾ ಬೆಲ್ಟ್ ಬೇಕು. ಅಲ್ಲಿ ಎಂಜಿನ್ ಗಟ್ಟಿಯೇ. ಆದರೆ ಸಿಲಿಂಡರ್ ಹೊಡೆತ, ಪ್ರೊಪೆಲ್ಲರ್ ಭಾರ, ಗೇರಿನ ಬಿಗಿತ ಮೂರೂ ಒಂದು ಆರ್‌ಪಿಎಂನಲ್ಲಿ ತಾಳ ಸೇರಿಸಿದರೆ ತಿರುಚುವ ಕಂಪನ ಎದ್ದು ಗೇರ್ ಹಲ್ಲನ್ನೇ ತಿನ್ನುತ್ತದೆ. ಈ ಲೆಕ್ಕವನ್ನು ಮಾಡಿ ಮುಗಿಸಿರುವ, ಹಾರುತ್ತಿರುವ ಪೂರ್ತಿ ಪ್ಯಾಕೇಜ್ ಕೊಳ್ಳಿ. ಜಂಕ್‌ಯಾರ್ಡಿನಿಂದ ಎಂಜಿನ್ ತಂದು ಸ್ವಂತ ಗೇರ್‌ಬಾಕ್ಸ್ ಮಾಡುತ್ತೇನೆ ಅನ್ನುವವರಿಗೆ ನನ್ನ ಉತ್ತರ: ದಯವಿಟ್ಟು ಬೇಡ.

ಟೂ-ಸ್ಟ್ರೋಕ್?

ಹಗುರ, ಅಗ್ಗ, ಸರಳ. ರೊಟ್ಯಾಕ್ಸ್ 582 65 ಎಚ್‌ಪಿ ಕೊಡುತ್ತಿತ್ತು. ಆದರೆ ಓವರ್‌ಹಾಲ್ 300 ಗಂಟೆಗೆ. ಪೆಟ್ರೋಲ್ ಖರ್ಚು 100 ಎಚ್‌ಪಿಯ 912ರ ಹತ್ತಿರ ಹೋಗುತ್ತದೆ. ಒಂದು ಸೀಟಿನ ಅಲ್ಟ್ರಾಲೈಟ್‌ಗೆ ಸರಿ. ಸಂಸಾರ ಸಮೇತ ಹಾರುವ ಆಸೆ ಇದ್ದರೆ ಫೋರ್-ಸ್ಟ್ರೋಕ್‌ಗೇ ಹೋಗಿ.

ಬಂಕಿನ ಪೆಟ್ರೋಲ್ ಹಾಕಬಹುದಾ?

ಎಂಜಿನ್ ಮೇಲೆ ನಿಂತಿದೆ. ರೊಟ್ಯಾಕ್ಸ್ ಯುಎಲ್‌ಎಸ್‌ಗೆ ಅಮೆರಿಕದ ಬಂಕಿನ 91 ಆಕ್ಟೇನ್ ಪ್ರೀಮಿಯಂ ಬೇಕು. ಎಥೆನಾಲ್ 10% ತನಕ ಒಪ್ಪುತ್ತದೆ. ಅದಕ್ಕೆ ಸೀಸ ಇರುವ 100ಎಲ್‌ಎಲ್ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹಾಕಬಾರದು ಅಂತಿಲ್ಲ, ಆದರೆ ಆಯಿಲ್ ಟ್ಯಾಂಕಿನ ತಳದಲ್ಲಿ ಬೂದು ಬಣ್ಣದ ಸೀಸದ ಕೆಸರು ಕೂರುತ್ತದೆ. ಹಾಗಾಗಿ 100 ಗಂಟೆಗೆ ಬದಲಿಸುವ ಆಯಿಲನ್ನು 50ಕ್ಕೇ ಬದಲಿಸಿ.

ಎಂಜಿನ್ ಒಪ್ಪಿದರೆ ಸಾಲದು, ಟ್ಯಾಂಕೂ ಒಪ್ಪಬೇಕು. ಫೈಬರ್‌ಗ್ಲಾಸ್ ಟ್ಯಾಂಕ್ ಆದರೆ ಅದರ ರೆಸಿನ್, ಒಳಗೆ ಸವರಿದ ಸೀಲಂಟ್ ಎಥೆನಾಲ್‌ಗೆ ಕರಗುತ್ತದಾ ಅಂತ ಕಿಟ್ ಕಂಪನಿಯನ್ನು ಕೇಳಿ. ಕರಗಿದ್ದು ಫಿಲ್ಟರಿಗೆ ಬಂದು ಕಟ್ಟಿಕೊಳ್ಳುತ್ತದೆ. ಬಿಸಿಲಲ್ಲಿ ಬಂಕಿನ ಪೆಟ್ರೋಲ್ ಬೇಗ ಆವಿಯಾಗುವುದೂ ಉಂಟು. ಇಳಿದು ಅರ್ಧ ಗಂಟೆ ಬಿಟ್ಟು ಮತ್ತೆ ಹೊರಟಾಗ ಪೈಪಿನಲ್ಲಿ ಆವಿ ಕಟ್ಟಿದರೆ ಎಂಜಿನ್ ತಡವರಿಸುತ್ತದೆ. ಪೈಪುಗಳನ್ನು ಸೈಲೆನ್ಸರಿನಿಂದ ದೂರ ಎಳೆಯಿರಿ, ಟ್ಯಾಂಕಿಗೆ ವಾಪಸ್ ಹೋಗುವ ಲೈನ್ ಹಾಕುವುದನ್ನು ಮರೆಯಬೇಡಿ.

ಹಾರುವಾಗ ಬ್ಯಾಟರಿ ಸತ್ತರೆ ಎಂಜಿನ್ ನಿಲ್ಲುತ್ತದಾ?

ಈ ಪ್ರಶ್ನೆಯನ್ನು ಪ್ರತಿ ಎಂಜಿನ್‌ಗೂ ಕೇಳಿ. ಓ-200 ನಿಲ್ಲುವುದಿಲ್ಲ, ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ಕಾರ್ಬ್ಯುರೇಟರ್ ಇರುವ 912 ಕೂಡ ನಿಲ್ಲುವುದಿಲ್ಲ, ಅದರ ಎರಡೂ ಇಗ್ನಿಶನ್‌ಗೆ ಕರೆಂಟ್ ಎಂಜಿನ್ ಒಳಗಿನ ಕಾಯಿಲ್‌ನಿಂದಲೇ ಬರುತ್ತದೆ. ಇಂಜೆಕ್ಷನ್ ಎಂಜಿನ್‌ಗಳ ಮಾತು ಬೇರೆ. ಕಂಪ್ಯೂಟರಿಗೂ ಪಂಪಿಗೂ ಕರೆಂಟ್ ಬೇಕೇ ಬೇಕು. 912 ಐಎಸ್‌ಗೆ ಅದಕ್ಕೇ ಎರಡು ಜನರೇಟರ್, ಎರಡು ಲೇನ್ (ಒಂದು ಕೆಟ್ಟರೂ ಇನ್ನೊಂದು ನಡೆಸುವ ಕಂಪ್ಯೂಟರ್ ಜೋಡಿ) ಕೊಟ್ಟಿದ್ದಾರೆ. ಅಂಥ ಎಂಜಿನ್ ಹಾಕಿದರೆ ವೈರಿಂಗ್ ಡ್ರಾಯಿಂಗನ್ನು ಒಂದಕ್ಷರ ಬದಲಿಸದೆ ಪಾಲಿಸಿ. ಅರ್ಥ್ ವೈರ್‌ಗಳನ್ನೆಲ್ಲ ಒಂದೇ ಬೋಲ್ಟಿಗೆ ಕಟ್ಟಿದರೆ, ಆ ಬೋಲ್ಟ್ ಸಡಿಲವಾದಾಗ ಎರಡು ಜನರೇಟರ್ ಇದ್ದೂ ಸುಮ್ನೆ.

ಸೆಕೆಂಡ್‌ಹ್ಯಾಂಡ್ ಎಂಜಿನ್ ಕೊಳ್ಳುವಾಗ ಏನು ನೋಡಲಿ?

ಗಂಟೆ ಕಡಿಮೆ ಇದೆ ಅಂತ ಮರುಳಾಗಬೇಡಿ. ಹತ್ತು ವರ್ಷ ಹ್ಯಾಂಗರಿನಲ್ಲಿ ಸುಮ್ಮನೆ ನಿಂತ 200 ಗಂಟೆಯ ಎಂಜಿನ್‌ಗಿಂತ ವಾರ ವಾರ ಹಾರಿದ 900 ಗಂಟೆಯದು ಎಷ್ಟೋ ಮೇಲು. ಲೈಕಾಮಿಂಗ್ ಕಂಪನಿಯ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್) ಮೇಲಿರುತ್ತದೆ. ನಿಂತಾಗ ಅದರ ಮೇಲಿನ ಆಯಿಲ್ ಇಳಿದು ತುಕ್ಕು ಹಿಡಿಯುತ್ತದೆ. ರೊಟ್ಯಾಕ್ಸ್ ಆದರೆ ಸೀರಿಯಲ್ ನಂಬರ್ ಹಿಡಿದು ಅದಕ್ಕೆ ಬಾಕಿ ಇರುವ ಬುಲೆಟಿನ್‌ಗಳನ್ನು (ಕಂಪನಿ ಹೊರಡಿಸುವ ದುರಸ್ತಿ ಸೂಚನೆಗಳನ್ನು) ಹುಡುಕಿ. ಹಳೇ ಸೀರಿಯಲ್‌ಗಳಿಗೆ ಓವರ್‌ಹಾಲ್ ಅವಧಿಯೂ ಕಡಿಮೆ ಇತ್ತು. ಪ್ರೊಪೆಲ್ಲರ್ ನೆಲಕ್ಕೆ ಬಡಿದಿತ್ತಾ ಅಂತ ನೇರ ಕೇಳಿ. ಆಯಿಲ್ ಫಿಲ್ಟರನ್ನು ನಿಮ್ಮ ಕಣ್ಣೆದುರೇ ಕತ್ತರಿಸಿ, ಕಾಗದ ಬಿಡಿಸಿ, ಲೋಹದ ಚೂರು ಇದೆಯಾ ಅಂತ ಅಯಸ್ಕಾಂತ ಆಡಿಸಿ. ಬೋರೋಸ್ಕೋಪ್ (ಸಿಲಿಂಡರ್ ಒಳಗೆ ನೋಡುವ ಸಣ್ಣ ಕ್ಯಾಮೆರಾ) ಹಾಕಲು ಬಿಡದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ಎಂಜಿನ್ ಕೂರಿಸುವಾಗ ಬಿಡಲೇಬಾರದ ಒಂದು ಪರೀಕ್ಷೆ ಹೇಳಿ.

ಪೆಟ್ರೋಲ್ ಹರಿವಿನ ಪರೀಕ್ಷೆ. ಮನೆಯಲ್ಲಿ ಕಟ್ಟಿದ ವಿಮಾನಗಳ ಅಪಘಾತಗಳ ಬಗ್ಗೆ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2012ರಲ್ಲಿ ಅಧ್ಯಯನ ಮಾಡಿತು. ಎಂಜಿನ್ ಶಕ್ತಿ ಹೋಗುವುದು ಮತ್ತು ಹಾರುವಾಗ ಹತೋಟಿ ತಪ್ಪುವುದು ಎದ್ದು ಕಂಡ ಎರಡು ಕಾರಣ. ಹೊಸ ವಿಮಾನದ ಮೊದಮೊದಲ ಹಾರಾಟಗಳಲ್ಲೇ ಅಪಾಯ ಜಾಸ್ತಿ ಅಂತಲೂ ಕಂಡಿತು. ಹಾರುವ ಮೊದಲು ಪೆಟ್ರೋಲ್ ವ್ಯವಸ್ಥೆಯನ್ನು ಓಡಿಸಿ ನೋಡಬೇಕು ಅನ್ನುವುದು ಅದು ಕೊಟ್ಟ ಸಲಹೆಗಳಲ್ಲಿ ಒಂದು.

ಮಾಡುವುದು ಹೀಗೆ. ವಿಮಾನದ ಮೂಗನ್ನು, ಅದು ಅತಿ ಕಡಿದಾಗಿ ಏರುವ ಕೋನಕ್ಕಿಂತ ಸ್ವಲ್ಪ ಜಾಸ್ತಿಯೇ ಎತ್ತಿ ನಿಲ್ಲಿಸಿ. ಮುಂದಿನ ಚಕ್ರದ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ, ಬಾಲಕ್ಕೆ ಆಸರೆ ಕೊಡಿ. ಟ್ಯಾಂಕಿನಲ್ಲಿ ಪೆಟ್ರೋಲ್ ತೀರಾ ಕಡಿಮೆ ಇರಲಿ. ಕಾರ್ಬ್ಯುರೇಟರಿಗೆ ಹೋಗುವ ಪೈಪ್ ಬಿಚ್ಚಿ, ಅದೇ ಎತ್ತರದಲ್ಲಿ ಹಿಡಿದು, ಅಳತೆ ಗುರುತಿರುವ ಕ್ಯಾನಿಗೆ ಬಿಡಿ. ಎಲ್ಲವೂ ಹೊರಗಡೆ, ಅರ್ಥಿಂಗ್ ವೈರ್ ಕಟ್ಟಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ಗುರುತ್ವದಿಂದಲೇ ಇಳಿಯುವ ವ್ಯವಸ್ಥೆ ಆದರೆ ಟೇಕಾಫ್‌ನಲ್ಲಿ ಎಂಜಿನ್ ಕುಡಿಯುವುದರ 150% ಬರಬೇಕು. ಪಂಪ್ ಆದರೆ 125%. ಯುಎಲ್‌ಎಸ್ ಟೇಕಾಫ್‌ನಲ್ಲಿ ಗಂಟೆಗೆ 27 ಲೀಟರ್ ಕುಡಿಯುತ್ತದೆ. 150% ಅಂದರೆ 40.5 ಲೀಟರ್. ಹತ್ತು ನಿಮಿಷದಲ್ಲಿ ಕ್ಯಾನಿನಲ್ಲಿ ಆರು ಮುಕ್ಕಾಲು ಲೀಟರ್ ಇರಬೇಕು. ಆರೇ ಇದ್ದರೆ ಹಾರಬೇಡಿ. ಎಲ್ಲೋ ಪೈಪ್ ಮಡಚಿದೆ, ಫಿಲ್ಟರ್ ಸಣ್ಣದಿದೆ, ಇಲ್ಲಾ ಟ್ಯಾಂಕಿನ ಗಾಳಿ ತೂತು ಕಟ್ಟಿದೆ. ಆ ತೂತಿನಲ್ಲಿ ಕಣಜದ ಹುಳು ಮಣ್ಣು ಮೆತ್ತಿ ಗೂಡು ಮಾಡುವುದು ನಿಜಕ್ಕೂ ಆಗುವ ವಿಷಯ.

ಎರಡು ಟ್ಯಾಂಕ್ ಇದ್ದರೆ ಎರಡಕ್ಕೂ ಬೇರೆ ಬೇರೆ ಮಾಡಿ.

ಬ್ಯಾಟರಿ ವಿಮಾನಕ್ಕೆ ಕಾಯಲೇ?

ಪಿಪಿಸ್ಟ್ರೆಲ್‌ನ ವೆಲಿಸ್ ಎಲೆಕ್ಟ್ರೋಗೆ 2020ರಲ್ಲಿ ಯುರೋಪಿನ ಸರ್ಟಿಫಿಕೇಟ್ ಸಿಕ್ಕಿತು. ಆದರೆ ಅದು ಹಾರುವುದು ಗಂಟೆಗಿಂತ ಕಡಿಮೆ. ಏರ್‌ಪೋರ್ಟ್ ಸುತ್ತ ತರಬೇತಿಗೆ ಚೆನ್ನ. ಊರಿಂದ ಊರಿಗೆ ಹೋಗುವ ಆಸೆ ಇದ್ದರೆ ಸದ್ಯಕ್ಕೆ ಪೆಟ್ರೋಲೇ.

ಭಾರತದಲ್ಲಿ ಕಟ್ಟಬೇಕು ಅಂತಿದ್ದೇನೆ. ಏನು ಬದಲಾಗುತ್ತದೆ?

ಮೊದಲು ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಹತ್ತಿರ ಅನುಮತಿಯ ದಾರಿ ಖಚಿತ ಮಾಡಿಕೊಳ್ಳಿ. ಎಂಜಿನ್ ಆಮೇಲೆ. ಬೆಂಗಳೂರಿಗೆ ಈ ಎಂಜಿನ್‌ಗಳು ಹೊಸವಲ್ಲ. ಅಲ್ಲಿನ ಸರ್ಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ ಹನ್ಸ-3 ತರಬೇತಿ ವಿಮಾನಕ್ಕೆ ರೊಟ್ಯಾಕ್ಸ್ 914 ಹಾಕಿದ್ದರು. 2021ರಲ್ಲಿ ಮೊದಲು ಹಾರಿದ ಹನ್ಸ-ಎನ್‌ಜಿಯದು 912ರ ಇಂಜೆಕ್ಷನ್ ಎಂಜಿನ್. ಬೆಂಗಳೂರಿನ ರಾಜ್ ಹಂಸ ಕಂಪನಿ ಕಟ್ಟಿದ ಎಕ್ಸ್-ಏರ್ ವಿಮಾನಗಳು ರೊಟ್ಯಾಕ್ಸ್ 582, ಜಬಿರು 2200 ಹಾಕಿಕೊಂಡು ಹೊರದೇಶಕ್ಕೂ ಹೋದವು.

ದೊಡ್ಡ ವ್ಯತ್ಯಾಸ ಪೆಟ್ರೋಲಿನದು. ಭಾರತದ ಬಂಕ್‌ಗಳಲ್ಲಿ ಈಗ ಸಿಗುವುದು ಹೆಚ್ಚಾಗಿ 20% ಎಥೆನಾಲ್ ಬೆರೆಸಿದ ಇ20. ರೊಟ್ಯಾಕ್ಸ್ 912ಕ್ಕೆ ಒಪ್ಪಿಗೆ ಇರುವುದು 10% ತನಕ. ಹಾಗಾಗಿ ನಿಮ್ಮ ಏರ್‌ಫೀಲ್ಡಿನಲ್ಲಿ ಏವ್‌ಗ್ಯಾಸ್ ಸಿಗುತ್ತದಾ, ಎಷ್ಟಕ್ಕೆ ಸಿಗುತ್ತದೆ ಅನ್ನುವುದನ್ನು ಎಂಜಿನ್ ಆರಿಸುವ ಮೊದಲೇ ವಿಚಾರಿಸಿ. ಬಿಡಿಭಾಗ ತರಿಸುವ ಕಸ್ಟಮ್ಸ್ ಖರ್ಚು, ಕಾಯುವ ದಿನ ಕೂಡ ಲೆಕ್ಕಕ್ಕೆ ತಗೊಳ್ಳಿ.

ಎಂಜಿನ್ ಯಾವಾಗ ಆರ್ಡರ್ ಮಾಡಲಿ?

ಯಾವ ಎಂಜಿನ್ ಅನ್ನುವುದನ್ನು ಬೇಗ ನಿರ್ಧರಿಸಿ, ಕೊಳ್ಳುವುದು ತಡವಾಗಿ. ಮೌಂಟ್, ಕೌಲಿಂಗ್ (ಎಂಜಿನ್ ಮುಚ್ಚುವ ಕವಚ), ಫೈರ್‌ವಾಲ್‌ನ (ಎಂಜಿನ್ ಹಿಂದಿನ ಬೆಂಕಿ ತಡೆಯುವ ಗೋಡೆಯ) ತೂತುಗಳು, ಥ್ರಾಟಲ್ ಕೇಬಲ್ ಉದ್ದ ಎಲ್ಲವೂ ಎಂಜಿನ್ ಮೇಲೆ ನಿಂತಿವೆ. ಹಾಗಾಗಿ ನಿರ್ಧಾರ ತಡ ಮಾಡಿದರೆ ಬಿಚ್ಚಿ ಕಟ್ಟುವ ಕೆಲಸ ಜಾಸ್ತಿ. ಆದರೆ ಎಂಜಿನನ್ನು ಶುರುವಿಗೇ ತಂದು ಗ್ಯಾರೇಜಿನ ಮೂಲೆಯಲ್ಲಿ ಇಟ್ಟರೆ ವಾರಂಟಿ ಕರಗುತ್ತದೆ, ರಬ್ಬರಿಗೆ ವಯಸ್ಸಾಗುತ್ತದೆ, ತೇವಕ್ಕೆ ತುಕ್ಕು ಹಿಡಿಯುತ್ತದೆ. ರೆಕ್ಕೆ, ಬಾಲ, ಮೈ ಮುಗಿದು, ಚಕ್ರದ ಮೇಲೆ ನಿಂತ ಮೇಲೆ ದುಡ್ಡು ಕಟ್ಟಿ. ಡೀಲರ್ ಹತ್ತಿರ ತಲುಪಿಸುವ ಅವಧಿ ಎಷ್ಟು ತಿಂಗಳು ಅಂತ ಮುಂಚೆಯೇ ಬರೆಸಿಕೊಳ್ಳಿ. ಕೆಲವು ಸಲ ಅದೇ ಅರ್ಧ ವರ್ಷ ದಾಟುತ್ತದೆ.

ಆರ್ಡರ್ ಮಾಡುವಾಗ ಕಿಟ್‌ನ ಮಾದರಿ ಹೇಳಿ, ಫೈರ್‌ವಾಲ್ ಮುಂದಿನ ಪೂರ್ತಿ ಸೆಟ್ಟನ್ನೇ ಕೇಳಿ: ಮೌಂಟ್, ಸೈಲೆನ್ಸರ್, ರೇಡಿಯೇಟರ್, ಹೋಸ್, ಬ್ಯಾಫಲ್ (ತಂಪಿನ ಗಾಳಿಯನ್ನು ಸಿಲಿಂಡರಿನತ್ತ ತಿರುಗಿಸುವ ತಗಡು), ಕೌಲಿಂಗ್. ಬಿಡಿ ಎಂಜಿನ್‌ಗಿಂತ ಜಾಸ್ತಿ ಅನಿಸುತ್ತದೆ. ಬಿಡಿಬಿಡಿಯಾಗಿ ಕೊಂಡು ಕೂಡಿಸಿ ನೋಡಿದವರಿಗೆ ಸೆಟ್ಟಿನ ಬೆಲೆ ಜಾಸ್ತಿ ಅನಿಸುವುದಿಲ್ಲ.